ನಮ್ಮ ಕೈಯಲ್ಲಿರುವ ಗಂಟೆಗಳು

ಸಮಯದ ಬಗ್ಗೆ ಉಪದೇಶ ಮಾಡುವಷ್ಟು ಸುಲಭದ ಕೆಲಸ ಬಹುಶಃ ಇನ್ನೊಂದಿಲ್ಲ. ಪುಸ್ತಕದಂಗಡಿಗೆ ಹೋದರೆ ವ್ಯಕ್ತಿತ್ವ ವಿಕಸನದ ಪುಸ್ತಕಗಳಿಗೆಂದೇ ಒಂದು ಕಪಾಟು ಮೀಸಲಾಗಿರುತ್ತದೆ. ಮೊಬೈಲ್ ತೆರೆದರೆ ಯಾರಾದರೊಬ್ಬರು ಕೈ ಬೀಸುತ್ತಾ, ಬೆಳಗ್ಗೆ ನಾಲ್ಕಕ್ಕೆ ಏಳಿರಿ, ಗುರಿಯನ್ನು ಬರೆದು ಗೋಡೆಗೆ ಅಂಟಿಸಿರಿ ಎನ್ನುತ್ತಿರುತ್ತಾರೆ. ಎಲ್ಲರೂ ಹೇಳುವುದು ಒಂದೇ: ಬಡವನಿಗೂ ಶ್ರೀಮಂತನಿಗೂ ದಿನಕ್ಕೆ ಸಿಗುವುದು 24 ಗಂಟೆಯೇ. ಗುರಿಯಿದ್ದವನು ಅದನ್ನು ಬಳಸುತ್ತಾನೆ, ಇಲ್ಲದವನು ಕಳೆಯುತ್ತಾನೆ. ಈ ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಆ 24 ಗಂಟೆಗಳಲ್ಲಿ ನಮ್ಮ ಕೈಯಲ್ಲಿರುವುದು ಎಷ್ಟು, ಇತರರ ಕೈಯಲ್ಲಿರುವುದು ಎಷ್ಟು ಎಂಬ ಲೆಕ್ಕವನ್ನು ಉಪದೇಶ ಮಾಡುವವರು ಕೇಳುವುದೇ ಇಲ್ಲ. ಗುರಿಯ ಸ್ಪಷ್ಟತೆ ಆ ಲೆಕ್ಕದಿಂದಲೇ ಆರಂಭವಾಗಬೇಕು ಎಂಬುದು ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ ಹಲವು ವರ್ಷ ಬಾಳಿದ ಮೇಲೆ ನಮಗೆ ಮನದಟ್ಟಾದ ವಿಷಯ.

ನಾವೆಂದರೆ ಗಂಡ ಹೆಂಡತಿ, ಇಬ್ಬರು. ಒಬ್ಬರು ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಇನ್ನೊಬ್ಬರು ಅಷ್ಟೇ ವರ್ಷ ಮನೆಯಲ್ಲಿ ದುಡಿದು ಇನ್ನೂ ನಿವೃತ್ತರಾಗದವರು. ಮಕ್ಕಳು ಕೆಲಸದ ಮೇಲೆ ಬೇರೆ ಊರುಗಳಿಗೆ ಹೋದ ನಂತರ ಮಹಡಿಯ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದೇವೆ.

ರಾಜಾಜಿನಗರ ಕೈಗಾರಿಕಾ ಉಪನಗರವಾಗಿ ಬೆಳೆದ ಬಡಾವಣೆ. ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರ ಹೆಸರು ಹೊತ್ತ ಈ ಬಡಾವಣೆಯ ಒಂದು ಭಾಗವನ್ನು ಇಂದಿಗೂ ‘ಇಂಡಸ್ಟ್ರಿಯಲ್ ಟೌನ್’ ಎಂದೇ ಕರೆಯುತ್ತಾರೆ. ಕಾರ್ಮಿಕರಿಗಾಗಿ ಇಲ್ಲಿ ದೊಡ್ಡ ಇ.ಎಸ್.ಐ. ಆಸ್ಪತ್ರೆ ಇದೆ. ನಾವು ಇಲ್ಲಿಗೆ ಬಂದ ಹೊಸತರಲ್ಲಿ ಬಡಾವಣೆಯ ಗಡಿಯಾರವೆಂದರೆ ಕಾರ್ಖಾನೆಯ ಸೈರನ್. ಬೆಳಗಿನ ಆಝಾನ್, ಪಕ್ಕದ ಬೀದಿಯ ದೇವಸ್ಥಾನದ ಸುಪ್ರಭಾತ, ಅದರ ಹಿಂದೆಯೇ ಮೊದಲ ಪಾಳಿಯ ಸೈರನ್, ಹೀಗೆ ದಿನ ಶುರುವಾಗುತ್ತಿತ್ತು. ಟಿಫಿನ್ ಕ್ಯಾರಿಯರ್ ತೂಗುಹಾಕಿದ ಸೈಕಲ್ಲುಗಳು ಸಾಲುಗಟ್ಟಿ ಹೋಗುತ್ತಿದ್ದವು. ಹೆಚ್ಚಿನವರ ಮಣಿಕಟ್ಟಿನಲ್ಲಿ ಎಚ್.ಎಂ.ಟಿ. ವಾಚು. 1961ರಲ್ಲಿ ಜಪಾನಿನ ಸಿಟಿಝನ್ ಕಂಪೆನಿಯ ಸಹಯೋಗದಲ್ಲಿ ಇದೇ ಬೆಂಗಳೂರಿನಲ್ಲಿ ತಯಾರಾಗತೊಡಗಿದ ಆ ವಾಚು ಮದುವೆಗೆ, ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ, ನಿವೃತ್ತಿಗೆ ಎಲ್ಲಕ್ಕೂ ಸಲ್ಲುವ ಉಡುಗೊರೆಯಾಗಿತ್ತು.

ಆ ಕಾಲದ ಕಾರ್ಮಿಕನನ್ನು ‘ನಿನ್ನ ಜೀವನದ ಗುರಿ ಏನು?’ ಎಂದು ಕೇಳಿದ್ದರೆ ಅವನು ನಗುತ್ತಿದ್ದ. ಗುರಿಯೂ ಸಮಯವೂ ಒಟ್ಟಿಗೇ ಅವನಿಗೆ ಹೊರಗಿನಿಂದ ಸಿಕ್ಕಿದ್ದವು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಗಳ ಮಿತಿ ಹಾಕಿತ್ತು. ಪಾಳಿ ಎಷ್ಟು ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ, ರಜೆ ಯಾವಾಗ ಎಂಬುದೆಲ್ಲ ನೋಟಿಸ್ ಬೋರ್ಡಿನಲ್ಲಿರುತ್ತಿತ್ತು. ಸೈಟು ಕೊಳ್ಳುವುದು, ಮಗಳ ಮದುವೆ ಮಾಡುವುದು, ಮಗನನ್ನು ಡಿಪ್ಲೊಮಾ ಓದಿಸುವುದು ಇವು ಮೂರು ಗುರಿಗಳು ಬೀದಿಗೆಲ್ಲ ಒಂದೇ. ಇದು ಸುಖದ ಬದುಕಾಗಿತ್ತು ಎಂದು ನಾವು ಹೇಳುತ್ತಿಲ್ಲ. ರಾತ್ರಿ ಪಾಳಿಯ ನಿದ್ದೆಗೆಟ್ಟ ಕಣ್ಣುಗಳನ್ನು ನೋಡಿದವರು ಹಾಗೆ ಹೇಳಲಾರರು. ಆದರೆ ‘ಇಂದು ಏನು ಮಾಡಲಿ?’ ಎಂಬ ಪ್ರಶ್ನೆ ಅವರನ್ನು ಕಾಡುತ್ತಿರಲಿಲ್ಲ.

ಆ ಸೈರನ್‌ಗಳು ಒಂದೊಂದಾಗಿ ನಿಂತವು. ಹಲವು ಕಾರ್ಖಾನೆಗಳು ಮುಚ್ಚಿದವು, ಕೆಲವು ನಗರದ ಹೊರಗೆ ಹೋದವು. ಶೆಡ್ಡುಗಳಿದ್ದ ಕಡೆ ವಸತಿ ಸಮುಚ್ಚಯಗಳೂ ಅಂಗಡಿ ಮಳಿಗೆಗಳೂ ಎದ್ದವು. 2014ರಲ್ಲಿ ಮೆಟ್ರೋ ರೈಲು ರಾಜಾಜಿನಗರಕ್ಕೆ ಬಂತು. ಎಚ್.ಎಂ.ಟಿ. ವಾಚು ಕಂಪೆನಿಯನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸರಕಾರ 2016ರಲ್ಲಿ ಕೈಗೊಂಡಿತು. ಸ್ವಯಂ ನಿವೃತ್ತಿ ಪಡೆದು ಹಣದ ಚೆಕ್ಕು ಹಿಡಿದು ಬಂದ ನಮ್ಮ ಬೀದಿಯ ಅನೇಕರು ಮೊದಲ ತಿಂಗಳು ಹಬ್ಬದಂತೆ ಕಳೆದರು. ಎರಡನೆಯ ತಿಂಗಳು ಸುಮ್ಮನೆ ಗೇಟಿನ ಬಳಿ ನಿಲ್ಲತೊಡಗಿದರು. ಮೂವತ್ತು ವರ್ಷ ಬೇರೆಯವರು ಹಂಚಿಕೊಟ್ಟ ಸಮಯದಲ್ಲಿ ಬಾಳಿದವನಿಗೆ ಇಡೀ ದಿನವನ್ನು ಒಟ್ಟಿಗೇ ಕೈಗೆ ಕೊಟ್ಟರೆ ಅದನ್ನು ಎಲ್ಲಿಂದ ಹಿಡಿಯಬೇಕೆಂದೇ ತಿಳಿಯುವುದಿಲ್ಲ.

ಈಗ ನಮ್ಮ ಮಹಡಿಯಲ್ಲಿ ಇರುವವರು ಬೇರೆಯೇ ತಲೆಮಾರಿನವರು. ಪಶ್ಚಿಮ ಬೆಂಗಳೂರನ್ನು ಬಲ್ಲವರಿಗೆ ಗೊತ್ತಿರುತ್ತದೆ, ವಿಜಯನಗರ, ಅತ್ತಿಗುಪ್ಪೆ, ಹಂಪಿನಗರದ ಸುತ್ತಮುತ್ತ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳದ್ದೇ ಒಂದು ಲೋಕ. ಕೊಪ್ಪಳ, ಯಾದಗಿರಿ, ಹಾವೇರಿ, ಚಾಮರಾಜನಗರ ಹೀಗೆ ಎಲ್ಲ ಕಡೆಗಳಿಂದ ಪದವಿ ಮುಗಿಸಿದ ಹುಡುಗ ಹುಡುಗಿಯರು ಅಲ್ಲಿಗೆ ಬರುತ್ತಾರೆ. ಹಂಪಿನಗರದ ಕೇಂದ್ರ ಗ್ರಂಥಾಲಯದಲ್ಲಿ ಬೆಳಗ್ಗೆಯೇ ಹೋಗಿ ಜಾಗ ಹಿಡಿಯುತ್ತಾರೆ. ಅಲ್ಲಿ ಬಾಡಿಗೆ ಏರಿದಂತೆಲ್ಲ ಒಂದಷ್ಟು ಮಂದಿ ರಾಜಾಜಿನಗರದ ಹಳೆಯ ಮನೆಗಳ ಮಹಡಿಗೂ ಬಂದು ಸೇರುತ್ತಾರೆ. ನಮ್ಮಲ್ಲಿ ಮೂವರಿದ್ದಾರೆ. ಅವರಿಗೆ ನಾವು ಅಂಕಲ್, ಆಂಟಿ.

ಈ ಮಕ್ಕಳಿಗೆ ಗುರಿಯಿಲ್ಲ ಎಂದು ಯಾರೂ ಹೇಳಲಾರರು. ಗೋಡೆಯ ಮೇಲೆ ಕರ್ನಾಟಕದ ನಕ್ಷೆ, ಅದರ ಪಕ್ಕ ದಪ್ಪ ಅಕ್ಷರದಲ್ಲಿ ‘ಕೆ.ಎ.ಎಸ್.’ ಎಂಬ ಮೂರು ಅಕ್ಷರ. ಬೆಳಗ್ಗೆ ನಾಲ್ಕಕ್ಕೆ ಏಳುವುದೂ ಉಂಟು. ಉಪದೇಶದ ಪುಸ್ತಕಗಳು ಹೇಳುವುದೆಲ್ಲ ಅವರಲ್ಲಿದೆ. ಆದರೂ ಅವರಲ್ಲಿ ಹಿರಿಯನಾದ ಕೊಪ್ಪಳ ಜಿಲ್ಲೆಯ ಹುಡುಗನಿಗೆ ಇಪ್ಪತ್ತೊಂಬತ್ತು ತುಂಬಿದಾಗ ಅವನು ಊರು ಬಿಟ್ಟು ಆರು ವರ್ಷವಾಗಿತ್ತು. ಊರಿನಲ್ಲಿ ತಮ್ಮ ಅವನ ಪಾಲಿನ ಹೊಲವನ್ನೂ ಸೇರಿಸಿ ಉಳುತ್ತಿದ್ದ. ತಂಗಿಯ ಮದುವೆಯ ಮಾತು ‘ಅಣ್ಣನ ರಿಸಲ್ಟ್ ಬರಲಿ’ ಎಂಬಲ್ಲಿಗೆ ನಿಂತಿತ್ತು. ಫೋನಿನಲ್ಲಿ ಅವನು ತಾಯಿಗೆ ಹೇಳುವುದು ನಮಗೆ ಕೇಳಿಸುತ್ತಿತ್ತು: “ಈ ಸಲ ಆಗತೈತಿ ಬಿಡವ್ವಾ, ನೀ ಚಿಂತಿ ಮಾಡಬ್ಯಾಡ.”

ಆಗದೇ ಇರುವುದಕ್ಕೆ ಅವನ ಸೋಮಾರಿತನ ಕಾರಣವೇ? ಲೆಕ್ಕ ನೋಡೋಣ. 2023ರ ಕೇಂದ್ರ ನಾಗರಿಕ ಸೇವಾ ಪರೀಕ್ಷೆಗೆ ಅರ್ಜಿ ಹಾಕಿದವರು 10 ಲಕ್ಷಕ್ಕೂ ಹೆಚ್ಚು. ಪೂರ್ವಭಾವಿ ಪರೀಕ್ಷೆ ಬರೆದವರು ಸುಮಾರು 5.92 ಲಕ್ಷ. ಕೊನೆಗೆ ಆಯ್ಕೆಯಾದವರು 1,016. ಉಳಿದವರೆಲ್ಲರೂ ಸಮಯ ಹಾಳುಮಾಡಿದವರೆನ್ನಲು ಸಾಧ್ಯವಿಲ್ಲ. ಸಾವಿರ ಕುರ್ಚಿಗಳಿರುವ ಕಡೆ ಸಾವಿರದ ಒಂದನೆಯವನು ಎಷ್ಟೇ ಚೆನ್ನಾಗಿ ಓದಿದ್ದರೂ ನಿಲ್ಲಲೇಬೇಕು.

ಇನ್ನು ನಮ್ಮ ರಾಜ್ಯದ ಸಂಗತಿ. 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. 50 ಸಾವಿರಕ್ಕೂ ಹೆಚ್ಚು ಮಂದಿ ಬರೆದರು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ಸರಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ತಪ್ಪು ಮಾಡಿದವರು ಕೆಲವರು. ಎರಡೂಕಾಲು ವರ್ಷ ಕಳೆದುಕೊಂಡವರು ಪ್ರಾಮಾಣಿಕವಾಗಿ ಬರೆದ ಸಾವಿರಾರು ಮಂದಿ. ಅದೇ 2024ರಲ್ಲಿ ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗಾಗಿ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆಸಿತು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಕನ್ನಡ ಮಾಧ್ಯಮದವರು ಬೀದಿಗಿಳಿದರು. ಡಿಸೆಂಬರ್ 29ರಂದು ಮರುಪರೀಕ್ಷೆ ಆಯಿತು. ಆ ಪತ್ರಿಕೆಯ ಅನುವಾದದ ಮೇಲೂ ಆಕ್ಷೇಪಗಳು ಬಂದವು. ಕನ್ನಡದ ನಾಡಿನಲ್ಲಿ ಕನ್ನಡದಲ್ಲಿ ಓದಿದ ಮಕ್ಕಳ ಆಯುಷ್ಯದ ತಿಂಗಳುಗಳು ಹೀಗೆ ಯಾರದೋ ಅಜಾಗ್ರತೆಗೆ ಖರ್ಚಾಗುತ್ತವೆ. ಇವರ ಮುಂದೆ ನಿಂತು ‘ಎಲ್ಲರಿಗೂ 24 ಗಂಟೆಯೇ ಇರುವುದು’ ಎನ್ನಲು ನಮಗಂತೂ ನಾಲಿಗೆ ಏಳುವುದಿಲ್ಲ.

ಹಾಗಾದರೆ ಮಾಡುವುದೇನು? ವ್ಯವಸ್ಥೆಯನ್ನು ಬೈಯುತ್ತಾ ಕೂತರೆ ಉಳಿದ ಸಮಯವೂ ಅದಕ್ಕೇ ಹೋಗುತ್ತದೆ. ಒಂದು ಭಾನುವಾರ ಸಂಜೆ ಚಹಾಕ್ಕೆ ಕರೆದು ಮೂವರಿಗೂ ಒಂದೊಂದು ನೂರು ಪುಟದ ನೋಟುಬುಕ್ಕು ಕೊಟ್ಟೆವು. ಒಂದು ವಾರ ಕಾಲ ಪ್ರತಿ ಗಂಟೆಯೂ ಎಲ್ಲಿ ಹೋಯಿತೆಂದು ಬರೆಯಿರಿ, ನಮಗೆ ತೋರಿಸುವುದು ಬೇಡ, ನೀವೇ ನೋಡಿಕೊಳ್ಳಿ ಎಂದೆವು. ಕಾರ್ಖಾನೆಯಲ್ಲಿ ಯಂತ್ರ ಯಾಕೆ ನಿಂತಿತು ಎಂಬುದನ್ನು ಪಾಳಿಯ ಕೊನೆಗೆ ಬರೆದಿಡುವ ರೂಢಿಯಿತ್ತು. ಅದನ್ನೇ ಮನುಷ್ಯರಿಗೂ ಹೇಳಿದೆವಷ್ಟೆ.

ಕೊಪ್ಪಳದ ಹುಡುಗ ತಾನಾಗಿಯೇ ತಂದು ತೋರಿಸಿದ. ಅವನು ಆ ವಾರ ಗ್ರಂಥಾಲಯಕ್ಕೆಂದು ಹೊರಗೆ ಕಳೆದದ್ದು 66 ಗಂಟೆ. ಅದರಲ್ಲಿ ಓದಿದ್ದು 31. ಊಟ, ಓಡಾಟ 10. ಮೊಬೈಲ್ 14. ಉಳಿದ 11 ಗಂಟೆಯ ಮುಂದೆ ಅವನು ಬರೆದಿದ್ದ: ‘ನೋಟಿಫಿಕೇಶನ್ ಯಾವಾಗ, ಕಟಾಫ್ ಎಷ್ಟು, ಚಹಾ ಅಂಗಡಿ.’ ಅಧಿಸೂಚನೆ ಯಾವಾಗ ಬರುತ್ತದೆ, ಯಾರ ಮೇಲೆ ಕೇಸಾಯಿತು, ಈ ಸಲ ಎಷ್ಟು ಅಂಕಕ್ಕೆ ನಿಲ್ಲಬಹುದು ಎಂಬ ಮಾತಿಗೆ ವಾರದಲ್ಲಿ ಹನ್ನೊಂದು ಗಂಟೆ. ಅವುಗಳಲ್ಲಿ ಒಂದೂ ಅವನ ಕೈಯಲ್ಲಿರುವ ವಿಷಯವಲ್ಲ. “ಅಂಕಲ್, ಮೊಬೈಲಿನ ಹದಿನಾಲ್ಕು ತಾಸು ನನಗ ಗೊತ್ತಿತ್ತು. ಈ ಹನ್ನೊಂದು ಓದಿನ ಲೆಕ್ಕದಾಗ ಐತಿ ಅಂತ ತಿಳಿದಿದ್ದೆ,” ಎಂದ.

ಆಗಲೇ ನಾವು ಅವನನ್ನು ಇನ್ನೊಂದು ಪ್ರಶ್ನೆ ಕೇಳಿದೆವು. ಕೆ.ಎ.ಎಸ್. ಯಾಕೆ ಬೇಕು? ಮೊದಲು ಸಂದರ್ಶನದಲ್ಲಿ ಹೇಳುವಂಥ ಉತ್ತರ ಬಂತು: ಸಮಾಜ ಸೇವೆ, ಆಡಳಿತ ಸುಧಾರಣೆ. ಅದಲ್ಲಪ್ಪಾ, ಮೊದಲ ಸಲ ಯಾವಾಗ ಅನ್ನಿಸಿತು ಹೇಳು ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನು ಹೈಸ್ಕೂಲಿನಲ್ಲಿದ್ದಾಗ ಹೊಲದ ಪಹಣಿಯಲ್ಲಿ ಹೆಸರು ತಪ್ಪಾಗಿ, ಅದನ್ನು ಸರಿಪಡಿಸಲು ತಂದೆ ತಿಂಗಳುಗಟ್ಟಲೆ ತಾಲೂಕು ಕಚೇರಿಗೆ ಅಲೆದರಂತೆ. ಒಂದು ದಿನ ಇವನೂ ಜೊತೆಗೆ ಹೋಗಿದ್ದ. ತಂದೆ ಚಪ್ಪಲಿ ಹೊರಗೆ ಬಿಟ್ಟು ಬಾಗಿಲ ಬಳಿ ಮಧ್ಯಾಹ್ನದವರೆಗೆ ನಿಂತೇ ಇದ್ದರು. “ನಮ್ಮಪ್ಪನಂಥವರು ಹಂಗ ನಿಂದರಬಾರದು ಅಂಕಲ್, ಅಷ್ಟ.”

ಅವನ ಗುರಿ ಅದು. ಗೋಡೆಯ ಮೇಲಿದ್ದ ಮೂರು ಅಕ್ಷರ ಆ ಗುರಿಗೆ ಹೋಗುವ ಹಲವು ದಾರಿಗಳಲ್ಲಿ ಒಂದು ಮಾತ್ರ. ಆರು ವರ್ಷಗಳಲ್ಲಿ ದಾರಿಯೇ ಗುರಿಯಾಗಿ, ಗುರಿ ಮರೆತುಹೋಗಿತ್ತು. ಇದು ಅವನೊಬ್ಬನ ಕಥೆಯಲ್ಲ. ಮನೆ ಕಟ್ಟಲು ಹೊರಟವರು ಮನೆಯೊಳಗೆ ನೆಮ್ಮದಿಯಾಗಿ ಬಾಳಬೇಕೆಂಬುದನ್ನು ಮರೆತು ಸಾಲಕ್ಕೆ ಬಾಳುತ್ತಾರೆ. ಮಕ್ಕಳಿಗಾಗಿ ದುಡಿಯಲು ಕೊಲ್ಲಿಗೆ ಹೋದವರು ಮಕ್ಕಳು ಬೆಳೆದದ್ದನ್ನೇ ನೋಡಿರುವುದಿಲ್ಲ. ಗುರಿ ಸ್ಪಷ್ಟವಾಗುವುದೆಂದರೆ ನಾವು ಹಿಡಿದ ದಾರಿಯ ಹೆಸರು ಮತ್ತು ನಮಗೆ ಬೇಕಾದುದರ ಹೆಸರು ಬೇರೆ ಬೇರೆ ಎಂದು ತಿಳಿಯುವುದು.

ಆ ವರ್ಷ, ಅಂದರೆ 2024ರಲ್ಲಿ, ರಾಜ್ಯದಲ್ಲಿ 1,000 ಗ್ರಾಮ ಆಡಳಿತ ಅಧಿಕಾರಿಗಳ ಹುದ್ದೆಗೆ ಅರ್ಜಿ ಕರೆದಿದ್ದರು. ಪಿಯುಸಿ ಓದಿದವರಿಗೂ ಅವಕಾಶವಿದ್ದ ಹುದ್ದೆ. ಪದವೀಧರನಾದ ತಾನು ಅದಕ್ಕೆ ಅರ್ಜಿ ಹಾಕಿದರೆ ಗೆಳೆಯರು ನಗುತ್ತಾರೆಂದು ಅವನು ಆ ಕಡೆ ನೋಡಿರಲಿಲ್ಲ. ಪಹಣಿಯ ಕಷ್ಟ ಹೊತ್ತು ರೈತ ಮೊದಲು ಬರುವುದು ಯಾರ ಹತ್ತಿರ ಎಂದು ಕೇಳಿದೆವು. ಅವನೇ ನಕ್ಕ. ಅರ್ಜಿ ಹಾಕಿದ, ಬರೆದ. ಹಾಗೆಯೇ ಒಂದು ಗಡುವನ್ನೂ ಇಟ್ಟುಕೊಂಡ. ‘ಇನ್ನೆರಡು ಪ್ರಯತ್ನ’ ಎಂಬ ಗಡುವಲ್ಲ. ಪ್ರಯತ್ನಗಳ ಲೆಕ್ಕ ಆಯೋಗದ ಕೈಯಲ್ಲಿದೆ, ಎರಡು ಪ್ರಯತ್ನ ಎರಡು ವರ್ಷವೂ ಆಗಬಹುದು, ಐದು ವರ್ಷವೂ ಆಗಬಹುದು. ಕ್ಯಾಲೆಂಡರ್ ಮಾತ್ರ ನಮ್ಮ ಕೈಯಲ್ಲಿದೆ. 2025ರ ಯುಗಾದಿ ಎಂದು ಅವನೇ ಬರೆದ. ಅವನು ಹೋದರೆ ನಮಗೆ ಬಾಡಿಗೆ ತಪ್ಪುತ್ತದೆ. ಆದರೂ ಆ ದಿನಾಂಕ ಬರೆಯುವಾಗ ನಾವು ಎದುರಿಗೆ ಕುಳಿತಿದ್ದೆವು. ಹಿರಿಯರಾದವರು ಕಿರಿಯರಿಗೆ ಕೊಡಬಹುದಾದ ದೊಡ್ಡ ಸಹಾಯವೆಂದರೆ ಇಂಥ ಮಾತನ್ನು ಆಡುವಾಗ ಜೊತೆಗಿರುವುದು. ಕೋಚಿಂಗ್‌ನವರು ಇದನ್ನು ಹೇಳುವುದಿಲ್ಲ, ಗೆಳೆಯರು ಹೇಳಲಾರರು, ತಂದೆ ತಾಯಿಗೆ ಧೈರ್ಯ ಬರುವುದಿಲ್ಲ.

ಇಷ್ಟನ್ನು ಹೇಳಿದ ಮೇಲೆ ನಮ್ಮ ಅಡುಗೆಮನೆಯ ಲೆಕ್ಕವನ್ನೂ ಹೇಳಬೇಕು. ಹುಡುಗರಿಗೆ ನೋಟುಬುಕ್ಕು ಕೊಟ್ಟ ವಾರ ನಾವಿಬ್ಬರೂ ಒಂದೊಂದು ಬರೆದೆವು. ನಿವೃತ್ತರಾದವರ ಪುಸ್ತಕದಲ್ಲಿ ಮಧ್ಯಾಹ್ನದ ಪುಟಗಳೆಲ್ಲ ಖಾಲಿ. ನಿವೃತ್ತರಾಗದವರ ಪುಸ್ತಕದಲ್ಲಿ ಬರೆಯಲು ಬಿಡುವೇ ಇರಲಿಲ್ಲ. ಭಾರತ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಅಂಥ ಕೆಲಸ ಮಾಡುವ ಗಂಡಸರು 88 ನಿಮಿಷ. ವ್ಯತ್ಯಾಸ ಮೂರು ಗಂಟೆ ಇಪ್ಪತ್ತೊಂದು ನಿಮಿಷ. ಹುಡುಗನಿಗೆ ಆಯೋಗ ಏನೋ, ಹೆಣ್ಣುಮಕ್ಕಳಿಗೆ ಮನೆ ಅದೇ. ಅವರ ಸಮಯ ಅವರನ್ನು ಕೇಳದೆಯೇ ಹಂಚಿಹೋಗಿರುತ್ತದೆ. ಮಹಡಿಗೆ ಬರುವ ಹುಡುಗರು ಆರು ವರ್ಷ ಓದಬಲ್ಲರು. ಅದೇ ಊರಿನ ಹುಡುಗಿಗೆ ಒಂದು ಸಲ ನಪಾಸಾದರೆ ‘ಸಾಕು ಬಾ’ ಎಂಬ ಕರೆ ಬರುತ್ತದೆ.

ನಮ್ಮಲ್ಲಿ ಒಬ್ಬರಿಗೆ ಬಿ.ಎ. ಮುಗಿಸಬೇಕೆಂಬ ಆಸೆ ಮದುವೆಯ ದಿನದಿಂದಲೂ ಇತ್ತು. ಈಗ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಹೆಸರು ನೋಂದಾಯಿಸಿದ್ದಾಯಿತು. ಅದಕ್ಕೆ ಬೇಕಾದ ಸಮಯ ಮುಂಜಾನೆ ನಾಲ್ಕಕ್ಕೆ ಎದ್ದು ಬರಲಿಲ್ಲ. ಇನ್ನೊಬ್ಬರು ಬೆಳಗಿನ ತಿಂಡಿಯನ್ನೂ ಮಧ್ಯಾಹ್ನದ ಪಾತ್ರೆಗಳನ್ನೂ ವಹಿಸಿಕೊಂಡದ್ದರಿಂದ ಬಂತು. ಮನೆಯಲ್ಲಿ ಒಬ್ಬರ ಗುರಿ ಸಾಗಬೇಕಾದರೆ ಇನ್ನೊಬ್ಬರ ಗಂಟೆಗಳು ಅಲ್ಲಿಗೆ ಹರಿಯಬೇಕು. ಸಮಯದ ಸದುಪಯೋಗವನ್ನು ಒಬ್ಬೊಬ್ಬರ ಸ್ವಂತ ವಿಷಯವೆಂಬಂತೆ ಬರೆಯುವ ಪುಸ್ತಕಗಳು ಮರೆಯುವ ಸತ್ಯ ಇದು.

ಐವತ್ತು ದಾಟಿದ ಮೇಲೆ ಓದು ಯಾಕೆ ಎಂದು ಕೇಳಿದವರಿದ್ದಾರೆ. ಅಂಥವರಿಗೆ ನಾವು ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರ ಹೆಸರು ಹೇಳುತ್ತೇವೆ. 1913ರಲ್ಲಿ ಹುಟ್ಟಿದ ಅವರು ಕಾಲೇಜಿನ ಕೆಲಸದಿಂದ ನಿವೃತ್ತರಾದದ್ದು 1973ರಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಪ್ರಧಾನ ಸಂಪಾದಕರಾಗಿ ಅವರು ದುಡಿದದ್ದು ಆ ನಂತರ. 1940ರ ದಶಕದಲ್ಲಿ ಆರಂಭವಾಗಿದ್ದ ಆ ಕೆಲಸದ ಮೊದಲ ಸಂಪುಟ 1970ರಲ್ಲಿ, ಎಂಟನೆಯ ಮತ್ತು ಕೊನೆಯ ಸಂಪುಟ 1995ರಲ್ಲಿ ಹೊರಬಂತು. ಆಗ ಅವರಿಗೆ ಎಂಬತ್ತು ದಾಟಿತ್ತು. 1991ರಿಂದ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಬರೆದರು. 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ಅಷ್ಟು ದೀರ್ಘ ಆಯುಷ್ಯ ಎಲ್ಲರಿಗೂ ಸಿಗುವುದಿಲ್ಲ, ಅದು ಮನುಷ್ಯನ ಕೈಯಲ್ಲಿಲ್ಲ. ನಾವು ಗಮನಿಸಬೇಕಾದದ್ದು ಬೇರೆ. ನಿಘಂಟಿನ ಕೆಲಸ ಶುರುಮಾಡಿದವರಲ್ಲಿ ಎಲ್ಲರೂ ಅದರ ಕೊನೆಯನ್ನು ನೋಡಲಿಲ್ಲ. ಆದರೆ ಅವರು ಅಂದಂದು ಬರೆದ ಪದಗಳ ಚೀಟಿಗಳು ವ್ಯರ್ಥವಾಗಲಿಲ್ಲ. ಒಳ್ಳೆಯ ಗುರಿಯ ಗುರುತು ಇದು ಎಂದು ನಮಗೆ ಅನ್ನಿಸುತ್ತದೆ: ನಡುವೆ ನಿಂತರೂ ಅಲ್ಲಿಯವರೆಗಿನ ಕೆಲಸ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ. ಪರೀಕ್ಷೆ ಬರೆಯುವ ಮಕ್ಕಳಿಗೆ ನಾವು ಹೇಳುವುದೂ ಇದನ್ನೇ. ಓದುವ ವರ್ಷಗಳಲ್ಲಿ ಫಲಿತಾಂಶ ಏನೇ ಆದರೂ ಕೈಯಲ್ಲಿ ಉಳಿಯುವ ಒಂದನ್ನು ಜೊತೆಗೆ ಬೆಳೆಸಿರಿ. ಪಾಠ ಹೇಳುವ ಶಕ್ತಿ, ಕಂಪ್ಯೂಟರ್ ಕೆಲಸ, ಇನ್ನೊಂದು ಭಾಷೆ, ಏನಾದರೂ ಸರಿ.

ಗ್ರಾಮ ಆಡಳಿತ ಅಧಿಕಾರಿಗಳ ಆಯ್ಕೆ ಪಟ್ಟಿಯಲ್ಲಿ ಕೊಪ್ಪಳದ ಹುಡುಗನ ಹೆಸರು ಇರಲಿಲ್ಲ. ಯುಗಾದಿಗೆ ಅವನು ಪುಸ್ತಕಗಳನ್ನು ಕೆಳಗಿನ ಕೋಣೆಯವರಿಗೆ ಕೊಟ್ಟು ಊರಿಗೆ ಹೋದ. ಇದನ್ನು ಸೋಲಿನ ಕಥೆ ಎನ್ನುವವರು ಎನ್ನಲಿ. ಈಗ ಅವನು ತನ್ನ ಹೋಬಳಿಯ ಗ್ರಾಮ ಒನ್ ಸೇವಾ ಕೇಂದ್ರದಲ್ಲಿ ಕೆಲಸ ಮಾಡುತ್ತಾನೆ. ಪಹಣಿ ಪ್ರತಿ, ಆದಾಯ ಪ್ರಮಾಣಪತ್ರ, ಪಿಂಚಣಿ ಅರ್ಜಿ ಎಂದು ರೈತರೂ ಮುದುಕಿಯರೂ ಬರುತ್ತಾರೆ. ಸಂಜೆ ಏಳನೆಯ ತರಗತಿಯ ಮಕ್ಕಳಿಗೆ ಗಣಿತ ಹೇಳುತ್ತಾನೆ. ತಂಗಿಯ ಮದುವೆಗೆ ಕರೆಯಲು ಫೋನು ಮಾಡಿದಾಗ, ಸಂಪಾದನೆ ಕಡಿಮೆ ಎಂಬುದನ್ನು ಮುಚ್ಚಿಡಲಿಲ್ಲ. ಆಮೇಲೆ ಹೇಳಿದ: “ಅಂಕಲ್, ಬಂದವರಿಗೆ ಎಲ್ಲಾರಿಗೂ ಕುಂದರಾಕ ಕುರ್ಚಿ ಹಾಕ್ಸೀನಿ.”

ಅವನ ಜೊತೆಗಿದ್ದ ಇನ್ನಿಬ್ಬರು ಇನ್ನೂ ಓದುತ್ತಿದ್ದಾರೆ. ಅವರೂ ತಮ್ಮ ತಮ್ಮ ದಿನಾಂಕ ಬರೆದುಕೊಂಡಿದ್ದಾರೆ. ಅವರಲ್ಲಿ ಒಬ್ಬನಾದರೂ ಆ ಸಾವಿರದೊಳಗೆ ಬರಲಿ ಎಂಬುದು ನಮ್ಮ ಪ್ರಾರ್ಥನೆ. ನಮ್ಮ ಮನೆಯ ಬಿ.ಎ. ವಿದ್ಯಾರ್ಥಿನಿಗೆ ಇನ್ನೂ ಕೆಲವು ಪತ್ರಿಕೆಗಳು ಬಾಕಿಯಿವೆ.

ಓದುಗರಲ್ಲಿ ನಾವು ಕೇಳುವುದು ಇಷ್ಟೇ. ಗುರಿಯನ್ನು ಗೋಡೆಗೆ ಅಂಟಿಸುವ ಮೊದಲು ಒಂದು ವಾರದ ಲೆಕ್ಕ ಬರೆಯಿರಿ. ಇತರರ ಕೈಯಲ್ಲಿರುವ ಗಂಟೆಗಳನ್ನು ಬೇರೆ ಮಾಡಿ, ಅವುಗಳಿಗಾಗಿ ನಿಮ್ಮನ್ನು ನೀವೇ ಹಳಿಯಬೇಡಿ. ಉಳಿದವು ನಿಮ್ಮವು. ಅವು ದಿನಕ್ಕೆ ಎರಡೇ ಇರಬಹುದು. ಆ ಎರಡು ನಿಮಗೆ ಬೇಕಾದುದಕ್ಕೆ ಹೋಗುತ್ತಿವೆಯೇ ಎಂದು ನೋಡಿ. ನಂತರ ನಿಮ್ಮ ಮನೆಯಲ್ಲಿ ಆ ಎರಡೂ ಇಲ್ಲದವರು ಯಾರಿದ್ದಾರೆಂದು ಒಮ್ಮೆ ಅಡುಗೆಮನೆಯ ಕಡೆ ತಿರುಗಿ ನೋಡಿ.